ಜೋಲಿಯ ಬೆಲ್ಟುಗಳನ್ನು ಕಾಪಾಡಿದ ಬಗೆ

ಜೂನ್ ತಿಂಗಳ ಒಂದು ಸೋಮವಾರ, ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದಾಗ, ಹರಿಹರದ ನಮ್ಮ ಸರ್ಕಾರಿ ಶಾಲೆಗೆ ಲಗೇಜ್ ಆಟೋದಲ್ಲಿ ಒಂದು ಡಜನ್ ಜೋಲಿಗಳು ಬಂದವು. ಮರದಿಂದ ಮರಕ್ಕೆ ಕಟ್ಟಿ ಮಲಗುವಂಥವು, ಕರೂರು ಕೈಗಾರಿಕಾ ಪ್ರದೇಶದಲ್ಲಿ ಹೊಲಿದವು. ಒಂದೊಂದು ಜೋಲಿಗೂ, ಮರಕ್ಕೆ ಸುತ್ತಲು ಅಗಲವಾದ ಒಂದು ಜೊತೆ ಬೆಲ್ಟು. ಅಂದಿನಿಂದ ಇಲಾಖೆಯ ಕಾಳಜಿಯೆಲ್ಲ ಈ ಬೆಲ್ಟುಗಳ ಮೇಲಿದೆ.

ಜೋಲಿಗಳಿಗೆ ಅರ್ಜಿ ಹಾಕಿದವರು ವಿಜ್ಞಾನದ ಶಿಕ್ಷಕಿ ರಶ್ಮಿ, ನನ್ನ ಹೆಂಡತಿ. ಏಳನೇ ತರಗತಿಯವರನ್ನು ನಂದಿಗುಡಿ ಹತ್ತಿರದ ಹುಣಸೆ ತೋಪಿಗೆ ಕರೆದೊಯ್ದು, ಒಂದಿಡೀ ಹಗಲು ಜೋಲಿಯಲ್ಲಿ ಮಲಗಿಸಿ, ಎಲೆಗಳನ್ನೂ ಹಕ್ಕಿಗಳನ್ನೂ ಕೆಳಗಿನಿಂದ ತೋರಿಸುತ್ತೇನೆಂದು ಅವರು ಮಕ್ಕಳಿಗೆ ಮಾತು ಕೊಟ್ಟಿದ್ದರು. ಸಾಮಾನು ಬಂದ ಸಂಜೆಯೇ ಒಂದು ಜೊತೆ ಬೆಲ್ಟು ಮನೆಗೆ ತಂದು, ಹಿತ್ತಿಲ ಬೇವಿಗೂ ತೆಂಗಿಗೂ ಕಟ್ಟಿ, ತಾವೇ ಜೋತುಬಿದ್ದು ನೋಡಿದರು. "ತಡೀತಾವ್ರಿ" ಎಂದರು. ಶ್ರಾವಣದಲ್ಲಿ ತೀರಿಕೊಂಡರು. ಅದಕ್ಕೂ ಈ ವರದಿಗೂ ಇರುವ ಸಂಬಂಧ ಇಷ್ಟೆ: ಜೋಲಿ ಮತ್ತು ಬೆಲ್ಟುಗಳ ಜವಾಬ್ದಾರಿ ಅದೇ ಶಾಲೆಯ ಲೆಕ್ಕದ ಮೇಷ್ಟ್ರಾದ ನನ್ನ ಹೆಸರಿಗೆ ವರ್ಗಾವಣೆಯಾಯಿತು.

ಜೋಲಿಯ ಚೀಲದಲ್ಲಿ ತಯಾರಕರ ಒಂದು ಸೂಚನೆ ಇತ್ತು. ಬಳಸಿದ ಬೆಲ್ಟಿಗೆ ಮರದ ಅಂಟು ಹತ್ತುತ್ತದೆ. ಆದ್ದರಿಂದ ಅದನ್ನು ಒಣಗಿಸಿ, ಸುರುಳಿ ಸುತ್ತಿ, ಜೋಲಿಯಿಂದ ಬೇರೆ ಚೀಲದಲ್ಲಿಡಬೇಕು. ಒಳ್ಳೆಯ ಮಾತು. ಇದನ್ನು ಓದಿದ ತಾಲ್ಲೂಕು ಕಚೇರಿ, ಬೇರೆ ಚೀಲ ಸಾಲದು, ಬೇರೆ ಕಪಾಟು ಬೇಕೆಂದಿತು. ಜಿಲ್ಲೆಗೆ ಹೋದಾಗ ಅದು ಬೇರೆ ಕೊಠಡಿಯಾಯಿತು. ಸುತ್ತೋಲೆಯಾಗಿ ಮರಳಿ ಬರುವಷ್ಟರಲ್ಲಿ ಬೇರೆ ಊರಾಗಿತ್ತು:

"ಅಂಟಿನ ಸಂಪರ್ಕವನ್ನು ಶಾಶ್ವತವಾಗಿ ತಪ್ಪಿಸುವ ಹಿತದೃಷ್ಟಿಯಿಂದ, ಜೋಲಿಗಳನ್ನು ಹರಿಹರದ ಶಾಲೆಯಲ್ಲಿಯೂ ಬೆಲ್ಟುಗಳನ್ನು ದಾವಣಗೆರೆ ಆನೆಕೊಂಡದ ಸಾಮಗ್ರಿ ಉಗ್ರಾಣದಲ್ಲಿಯೂ ದಾಸ್ತಾನಿಡತಕ್ಕದ್ದು. ಜೋಲಿ ಕಟ್ಟಿರುವುದು ಖಚಿತವಾದ ನಂತರವೇ ಬೆಲ್ಟು ವಿತರಿಸತಕ್ಕದ್ದು."

ಬೆಲ್ಟುಗಳನ್ನು ಸುರುಳಿ ಸುತ್ತಿ ಚೀಲಕ್ಕೆ ತುಂಬಿ, ಬಸ್ಸಿನಲ್ಲಿ ಆನೆಕೊಂಡಕ್ಕೆ ಒಯ್ದೆ. ಉಗ್ರಾಣದ ಗುಮಾಸ್ತ ಮಾಳಿಂಗಪ್ಪನವರು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಒಂದು ಜೊತೆ ಕಮ್ಮಿ ಐತ್ರಿ. ನಮ್ಮ ಮನೇಲೈತೆ" ಎಂದೆ.

"ಎಣಿಸಿದ್ರೆ ತಾನೇ ಮೇಷ್ಟ್ರೇ ಕಮ್ಮಿ ಆಗೋದು? ನಾನು ಎಣಿಸೋದಿಲ್ಲ. ಕೂಡ್ರಿ, ಚಹಾ ಕುಡೀರಿ."

ದಸರಾ ರಜೆ ಮುಗಿದ ಮೇಲೆ ಏಳನೇ ತರಗತಿಯ ನಿಖತ್ ಎದ್ದು ನಿಂತಳು.

"ಸಾರ್, ರಶ್ಮಿ ಟೀಚರ್ ಹೇಳಿದ್ದ ಜೋಲಿ ಯಾವಾಗ್ರಿ?"

"ಬೆಲ್ಟು ಬಂದ ಮೇಲೆ."

"ಬೆಲ್ಟು ಎಲ್ಲಿಗೆ ಹೋಗ್ಯಾವೆ?"

"ಆನೆಕೊಂಡಕ್ಕೆ."

"ಅಲ್ಲೇನ್ರಿ ಅವಕ್ಕೆ ಕೆಲ್ಸ?"

ಪಠ್ಯದಲ್ಲಿ ಇಲ್ಲದ ಪ್ರಶ್ನೆಯಾದ್ದರಿಂದ ಮುಂದಿನ ಲೆಕ್ಕ ಬರೆಸಿದೆ. ಆದರೆ ಮಾರ್ಚ್ ಮುಗಿದರೆ ಈ ಮಕ್ಕಳು ಶಾಲೆ ಬಿಡುತ್ತಾರೆ. ಮಾತು ಕೊಟ್ಟವರು ಇಲ್ಲ. ಮಾತು ಮಾತ್ರ ಇತ್ತು. ಆ ಶನಿವಾರ ಆನೆಕೊಂಡಕ್ಕೆ ಹೋದೆ.

"ಮೊದ್ಲು ಜೋಲಿ ಕಟ್ಟಿರೋ ಫೋಟೋ ತೋರಿಸ್ರಿ" ಎಂದರು ಮಾಳಿಂಗಪ್ಪ.

"ಬೆಲ್ಟಿಲ್ದೆ ಹೆಂಗ್ರಿ ಕಟ್ಟೋದು?"

"ಅದು ಜೋಲಿ ಕಡೆಯೋರು ಯೋಚ್ನೆ ಮಾಡ್ಬೇಕಾದ್ದು. ನಮ್ದು ಬೆಲ್ಟು." ನಂತರ ದನಿ ತಗ್ಗಿಸಿ, "ಫೋಟೋ ಇದ್ರೂ ಈಗ ಕೊಡಾಕೆ ಬರಲ್ಲ. ನೋಡ್ಬರ್ರಿ" ಎಂದು ಒಳಗೆ ಕರೆದೊಯ್ದರು.

ಮೇಜಿನ ಮೇಲೆ ಕೆಂಪು ಬಟ್ಟೆಯ ಗಂಟು. ಅದಕ್ಕೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ, ಎದುರಿಗೆ ಹೆಚ್ಚಿದ ನಿಂಬೆಹಣ್ಣು.

"ಆಯುಧಪೂಜೆ ದಿನ ಜೀಪು ಗ್ಯಾರೇಜಲ್ಲಿತ್ತು. ಪೂಜೆಗೆ ಏನಾರ ಒಂದು ಇಡಬೇಕಲ್ಲ? ಬೆಲ್ಟು ಇಟ್ವಿ. ಮರುದಿನ ಜೀಪು ಬಂತು ನೋಡ್ರಿ, ತಳ್ಳದೆ ಚಾಲೂ ಆತು. ನಾ ಈ ಆಫೀಸಿಗೆ ಬಂದಾಗಿಂದ ಹಂಗಾಗಿರಲಿಲ್ಲ."

"ಮಕ್ಕಳು ಕಾಯ್ತಾ ಇದಾರೆ."

"ಪೂಜೆ ಆದ ಬೆಲ್ಟಿನ ಮ್ಯಾಲೆ ಕಾಲು ಚಾಚಿ ಮಲಗ್ತಾರೇನ್ರಿ? ಬ್ಯಾಡ ಬಿಡ್ರಿ. ನೀವೇ ತಿಳಿದೋರು."

ಅಲ್ಲಿಂದ ಮುಂದೆ ಶುಕ್ರವಾರ ಶುಕ್ರವಾರ ಗಂಟಿಗೆ ಪೂಜೆ ನಡೆಯಿತು. ವರ್ಗಾವಣೆ ಬೇಕಾದವರು, ವರ್ಗಾವಣೆ ಬೇಡವಾದವರು ಇಬ್ಬರೂ ಬಂದು ಕೈಮುಗಿದರು. ಇಬ್ಬರಿಗೂ ಅಷ್ಟಿಷ್ಟು ಫಲ ಸಿಕ್ಕಿತೆಂದು ಕೇಳಿದ್ದೇನೆ.

ನಾನು ಮೇಲಿನವರಿಗೆ ಬರೆದೆ. ಫೆಬ್ರವರಿಯಲ್ಲಿ ಶಾಲಾ ಇನ್‌ಸ್ಪೆಕ್ಟರ್ ಕಾಂತರಾಜ್ ಸಾಹೇಬರು ಶಾಲೆಗೇ ಬಂದರು. ಏಳನೆಯವರ ಜೋಲಿ ಶಿಬಿರ ಮಾರ್ಚ್ ಒಳಗೆ ಆಗಲೇಬೇಕು, ಬೆಲ್ಟು ಅಲ್ಲಾಡಬಾರದು. ಎರಡಕ್ಕೂ ಅವರು ಅಲ್ಲೇ ಒಂದು ದಾರಿ ಹುಡುಕಿದರು.

"ಬೆಲ್ಟು ಮಕ್ಕಳ ಹತ್ರ ಬರಂಗಿಲ್ಲ. ಮಕ್ಕಳು ಬೆಲ್ಟಿನ ಹತ್ರ ಹೋಗಬಹುದಲ್ಲ?"

ಹಾಗಾಗಿ ಶಿಬಿರ ಆನೆಕೊಂಡದ ಉಗ್ರಾಣದಲ್ಲಿ ನಡೆಯಿತು. ಮಕ್ಕಳು ಗಂಟಿನ ಎದುರು ಜಮಖಾನದ ಮೇಲೆ ಮಲಗಿದರು. ಗೋಡೆಗೆ ಮರದ ಚಿತ್ರ ಅಂಟಿಸಿದ್ದರು. ಮಾಳಿಂಗಪ್ಪ ಮಂಡಕ್ಕಿ ಹಂಚಿದರು. ಸಾಹೇಬರು ಕಣ್ಣು ಮುಚ್ಚಲು ಹೇಳಿ, "ಈಗ ಜೋಲಿ ತೂಗ್ತಾ ಐತೆ ಅಂತ ತಿಳ್ಕೊಳ್ರಿ" ಎಂದರು. ಫ್ಯಾನು ಹಾಕಿಸಿದರು.

ಸ್ವಲ್ಪ ಹೊತ್ತಿಗೆ ನಿಖತ್ ಕೈ ಎತ್ತಿದಳು. "ಸಾರ್, ಇಳೀಬಹುದೇನ್ರಿ?"

ಈ ಪ್ರಶ್ನೆಯನ್ನು ಸಾಹೇಬರು ಶಿಬಿರದ ಯಶಸ್ಸಿಗೆ ಪುರಾವೆಯೆಂದು ಬರೆದುಕೊಂಡರು.

ಹೊರಡುವ ಮುಂಚೆ ದಾಸ್ತಾನು ತಪಾಸಣೆ ಇತ್ತು. ಪೂಜೆಯ ಗಂಟು ಬಿಚ್ಚುವಂತಿರಲಿಲ್ಲ.

"ಗಂಟು ಬಿಗಿಯಾಗೈತಾ?" ಎಂದರು ಸಾಹೇಬರು.

"ಐತ್ರಿ" ಎಂದರು ಮಾಳಿಂಗಪ್ಪ.

"ಹಂಗಾದ್ರೆ ಎಲ್ಲಾ ಅದಾವೆ."

ನಾನು ಎದ್ದು, ಒಂದು ಜೊತೆ ನಮ್ಮ ಹಿತ್ತಿಲಲ್ಲಿದೆ, ನನ್ನ ಹೆಂಡತಿ ಕಟ್ಟಿದ್ದು, ಬಿಚ್ಚಿಲ್ಲ ಎಂದೆ.

ಸಾಹೇಬರು ಸಹಿ ಮಾಡುತ್ತಲೇ ಹೇಳಿದರು: "ಮೇಷ್ಟ್ರೇ, ಬೆಲ್ಟು ಪೂರ್ತಿ ಇಲ್ಲೇ ಅದಾವೆ ಅಂತ ಆಗಿಹೋತು. ನಿಮ್ಮ ಹಿತ್ತಿಲಲ್ಲಿ ಇರೋದು ಬೆಲ್ಟಲ್ಲ."

ಮಾರ್ಚ್‌ನಲ್ಲಿ ನಮ್ಮ ಶಾಲೆಗೆ ಜಿಲ್ಲೆಯ ಉತ್ತಮ ದಾಸ್ತಾನು ಪ್ರಶಸ್ತಿ ಬಂತು. ವರ್ಷವಿಡೀ ಒಂದೇ ಒಂದು ಬೆಲ್ಟಿಗೂ ಮರದ ಅಂಟು ಹತ್ತದಂತೆ ಕಾಪಾಡಿದ್ದಕ್ಕೆ ಎಂದು ಅದರಲ್ಲಿ ಬರೆದಿದೆ. ಪೋಷಕರು ಚಪ್ಪಾಳೆ ತಟ್ಟಿದರು. ಮುಖ್ಯೋಪಾಧ್ಯಾಯರು ಪ್ರಶಸ್ತಿ ಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿದರು. ಪಕ್ಕದ ಶಾಲೆಯವರು ತಮಗೂ ಬೆಲ್ಟು ಬೇಕೆಂದು ಅರ್ಜಿ ಹಾಕಿದ್ದಾರೆ, ಜೋಲಿ ಕೇಳಿಲ್ಲ.

ಶಿಬಿರದ ನಂತರ ಭಾನುವಾರಗಳಂದು ಏಳನೆಯವರು ಇಬ್ಬಿಬ್ಬರಾಗಿ ನಮ್ಮ ಮನೆಗೆ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾರೆ. ಮೊದಲು ಬಂದವಳು ನಿಖತ್. ಇಲಾಖೆಯ ಜೋಲಿಗಳನ್ನು ಶಾಲೆಯಿಂದ ಹೊರಗೆ ತರುವಂತಿಲ್ಲ, ತಂದಿಲ್ಲ. ರಶ್ಮಿಯವರ ಹಸಿರು ನೂಲಿನ ಸೀರೆಯೊಂದಿತ್ತು, ಹಿತ್ತಿಲ ಬೆಲ್ಟುಗಳ ನಡುವೆ ಅದನ್ನೇ ಕಟ್ಟಿದೆ.

ಬೇವಿನ ಕಡೆಯ ಬೆಲ್ಟಿಗೆ ಅಂಟು ಹತ್ತಿದೆ.