ಟವಲ್ಲಿನಡಿಯಲ್ಲಿ ಲೆಕ್ಕದ ಮೇಷ್ಟ್ರು

ಕುರಿ ಕೊಳ್ಳುವವರಿಗೆ ನನ್ನದೊಂದು ಬಿಟ್ಟಿ ಸಲಹೆ. ಯಾವ ಕುರಿಯ ಮೇಲೆ ಮನಸ್ಸಾಗಿದೆಯೋ ಅದನ್ನು ಮಾತ್ರ ಅಪ್ಪಿತಪ್ಪಿಯೂ ಹೊಗಳಬೇಡಿ. "ಕಾಲು ಉದ್ದ ಆಯ್ತು, ಬೆನ್ನಲ್ಲಿ ಮಾಂಸನೇ ಇಲ್ಲ, ಇದನ್ನ ಯಾರ್ ತಗಂಡಾರು?" ಎಂದು ಮುಖ ಸಿಂಡರಿಸಿ. ಮಿಕ್ಕ ಗಿರಾಕಿಗಳು ಮೆಲ್ಲಗೆ ಜಾರಿಕೊಳ್ಳುತ್ತಾರೆ. ಕುರಿ ನಿಮ್ಮದು! ಬಂಡೂರು ಕುರಿ ವ್ಯಾಪಾರದಲ್ಲಿ ಈ ಒಂದೇ ವಿದ್ಯೆಯಿಂದ ಮೇಲೆ ಬಂದು, ಮಳವಳ್ಳಿಯಲ್ಲಿ ಸ್ವಂತ ಮನೆ ಕಟ್ಟಿದವನು ನಾನು. ಈ ವಿದ್ಯೆ ಎಲ್ಲಿ ಬೇಕಾದರೂ ನಡೆಯುತ್ತದೆ ಎಂದು ನಂಬಿದ್ದೆ. ಮಗಳ ಶಾಲೆಯ ಪೋಷಕರ ಸಭೆಗೆ ಹೋಗುವವರೆಗೆ!

ಮಗಳು ಚಂದನ ಒಂಬತ್ತನೇ ಕ್ಲಾಸು, ಎ ಸೆಕ್ಷನ್. ಮಾರ್ಕ್ಸ್ ಜಾಸ್ತಿ ಬಂದವರು ಎ, ಮಿಕ್ಕವರು ಬಿ. ಎ ಸೆಕ್ಷನ್ನಿಗೆ ತಾಲ್ಲೂಕಿಗೇ ಹೆಸರಾದ ಲೆಕ್ಕದ ಮೇಷ್ಟ್ರು. ಬಿ ಸೆಕ್ಷನ್ನಿಗೆ ಡ್ರಿಲ್ ಮೇಷ್ಟ್ರೇ ಲೆಕ್ಕವನ್ನೂ ಹೇಳಿಕೊಡುತ್ತಾರೆ, ಅದೂ ವಿಶಲ್ ಕೊರಳಲ್ಲಿ ಹಾಕಿಕೊಂಡೇ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಶಾಲೆ ನಡೆಸುವ ಆಡಳಿತ ಮಂಡಳಿಯವರಿಗೆ ಇದು ಸರಿ ಕಾಣಲಿಲ್ಲ. 'ಸಮಾನ ಅವಕಾಶ ನಿಯಮ' ತರುತ್ತೇವೆ ಎಂದರು. ಚೀಟಿ ಎತ್ತಿ ಎರಡೂ ಸೆಕ್ಷನ್ ಮಕ್ಕಳನ್ನು ಬೆರೆಸುವುದು, ಲೆಕ್ಕದ ಮೇಷ್ಟ್ರು ವಾರದಲ್ಲಿ ಮೂರು ದಿನ ಎ ಕೊಠಡಿ, ಮೂರು ದಿನ ಬಿ ಕೊಠಡಿ. ಪೋಷಕರು ಒಪ್ಪಿದರೆ ಮಾತ್ರ.

ಮುಂದಿನ ವರ್ಷ ಮಗಳಿಗೆ ಎಸ್ಸೆಸ್ಸೆಲ್ಸಿ. ಮೇಷ್ಟ್ರೇ ಅರ್ಧವಾದರೆ ಮಾರ್ಕ್ಸೂ ಅರ್ಧವಾಗುವುದಿಲ್ಲವೇ? ಈ ನಿಯಮವನ್ನು ನಿಲ್ಲಿಸಲೇಬೇಕು ಎಂದು ತೀರ್ಮಾನಿಸಿದೆ.

"ಸುಮ್ನೆ ಕುಂತಿದ್ದು, 'ನಮ್ಗೆ ಒಪ್ಗೆ ಇಲ್ಲ' ಅಂತ ಒಂದ್ ಮಾತೇಳಿ ಎದ್ ಬನ್ನಿ" ಎಂದಳು ಹೆಂಡತಿ ಜಯಮ್ಮ. "ನಿಮ್ ಸಂತೆ ಬುದ್ಧಿ ಅಲ್ಲಿ ತೋರುಸ್ಬ್ಯಾಡಿ."

"ಬಾಯ್ಬುಟ್ಟು ಬ್ಯಾಡ ಅಂದ್ರೆ ಎದುರ್ಗಡೆಯೋರು ಇನ್ನೂ ಗಟ್ಟಿಯಾಯ್ತಾರೆ ಕಣೆ. ಯಾಪಾರ ನಿಂಗೇನ್ ಗೊತ್ತು?" ಎಂದು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೆ.

ಸಭೆ ಆಗಲೇ ಬಿಸಿಯೇರಿತ್ತು.

"ನಮ್ ಮಕ್ಳು ಕಣ್ಣಿಗೆ ಎಣ್ಣೆ ಬುಟ್ಕಂಡು ಓದಿ ತಗಂಡಿರೋ ಜಾಗ ಕಣಮ್ಮ ಇದು!" ಎಂದು ಎ ಕಡೆಯ ಒಬ್ಬ ತಾಯಿ.

"ಅಂಗಾರೆ ನಮ್ ಮಕ್ಳು ಇಲ್ಲಿಗೆ ನೆಂಟ್ರಾಗ್ ಬಂದವ್ರಾ?" ಎಂದು ಬಿ ಕಡೆಯ ಇನ್ನೊಬ್ಬಳು.

ಬಿ ಸೆಕ್ಷನ್ನಿನವರ ಮುಖಂಡ ಸ್ಕೂಟರ್ ಮೆಕ್ಯಾನಿಕ್ ರಫೀಕ್. ನನ್ನ ಗಾಡಿಗೂ ಅವನೇ ಡಾಕ್ಟರು. "ಸ್ಕೂಲ್ ಒಂದೇ, ಯೂನಿಫಾರಂ ಒಂದೇ. ಮೇಷ್ಟ್ರು ಮಾತ್ರ ಯಾಕಣ್ಣ ಬ್ಯಾರೆ?" ಎಂದ. ಮಾತು ನ್ಯಾಯವಾಗಿತ್ತು. ಅದಕ್ಕೇ ನನಗೆ ಭಯವಾಯಿತು.

ನಾನು ಎದ್ದುನಿಂತು ಗಂಟಲು ಸರಿಮಾಡಿಕೊಂಡು ವಿದ್ಯೆ ಪ್ರಯೋಗಿಸಿದೆ.

"ಮಹನೀಯರೇ! ಆ ಎ ಸೆಕ್ಷನ್ನಲ್ಲಿ ಏನದೆ ಅಂತ ಇಂಗ್ ಕಿತ್ತಾಡ್ತೀರಿ? ಫ್ಯಾನು ಸದ್ದು ಮಾಡ್ತದೆ, ಗಾಳಿ ಕೊಡಲ್ಲ. ಬೋರ್ಡು ಬೆಳ್ಳಗಾಗ್ಬುಟ್ಟದೆ. ಇನ್ನು ಲೆಕ್ಕದ ಮೇಷ್ಟ್ರು! ಅವ್ರ ದನಿ ಮೂರ್ನೇ ಬೆಂಚ್ಗೇ ನಿಂತೋಯ್ತದೆ. ನನ್ ಮಗ್ಳು ಎಂಗೋ ಸಯಿಸ್ಕಂಡವ್ಳೆ!"

ಬಿ ಕಡೆಯವರು ಈಗ ಜಾರಿಕೊಳ್ಳುತ್ತಾರೆ ಎಂದು ಕಾದೆ. ರಫೀಕನ ಕಣ್ಣು ತೇವವಾಯಿತು.

"ಅಯ್ಯೋ ಅಣ್ಣಾ! ನಿಮ್ ಮಕ್ಳು ಇಷ್ಟು ಕಷ್ಟದಲ್ಲವ್ರಾ? ಬುಡಿ, ಎಲ್ರೂ ಸೇರ್ಕಂಡು ಹಂಚ್ಕಳಾವ!"

ಸಭೆ ನಡೆಸುತ್ತಿದ್ದ ಹೆಡ್ಮಿಸ್ಸಿಗೆ ಖುಷಿಯೋ ಖುಷಿ. "ಎ ಸೆಕ್ಷನ್ ಪೋಷಕರೇ ನಿಯಮವನ್ನು ಬೆಂಬಲಿಸಿದ್ದಾರೆ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಲೇ ಬರೆದುಕೊಂಡರು. ಅಷ್ಟರಲ್ಲಿ ನನ್ನ ಹಿಂದಿನಿಂದ ಯಾರೋ "ಏನಂದ್ರೀ?" ಎಂದರು. ತಿರುಗಿದೆ. ಲೆಕ್ಕದ ಮೇಷ್ಟ್ರು! ಆ ದನಿ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೂ ಕೇಳಿಸಿರಬೇಕು.

ಕುರಿ ಕೈತಪ್ಪುವಾಗ ಅನುಭವಸ್ಥ ವ್ಯಾಪಾರಿ ಏನು ಮಾಡುತ್ತಾನೆ? ಟವಲ್ಲು ತೆಗೆಯುತ್ತಾನೆ. ನಮ್ಮ ಸಂತೆಯಲ್ಲಿ ಕೊನೆಯ ಮಾತನ್ನು ಬಾಯಲ್ಲಿ ಆಡುವುದಿಲ್ಲ. ಟವಲ್ಲಿನ ಕೆಳಗೆ ಕೈ ಸೇರಿಸಿ, ಎದುರಿನವನ ಬೆರಳು ಹಿಡಿದು ತಿಳಿಸುತ್ತೇವೆ. ರಫೀಕನನ್ನು ಮೂಲೆಗೆ ಎಳೆದು, ಇಬ್ಬರ ಕೈ ಮೇಲೂ ಟವಲ್ಲು ಹೊದಿಸಿ, ನಾಲ್ಕು ಬೆರಳು ಹಿಡಿದೆ. ಮೇಷ್ಟ್ರು ನಾಲ್ಕು ದಿನ ನಮಗೆ, ಎರಡು ದಿನ ನಿಮಗೆ ಎಂದು ಅರ್ಥ.

ಅವನು ಕುರಿ ವ್ಯಾಪಾರಿಯಲ್ಲ, ಮೆಕ್ಯಾನಿಕ್ಕು. ಕೈ ಕೊಸರಿದ. ಚೌಕಾಸಿ ಮಾಡುತ್ತಿದ್ದಾನೆ ಎಂದುಕೊಂಡು ನಾನು ಇನ್ನಷ್ಟು ಬಿಗಿಯಾಗಿ ಹಿಡಿದೆ.

"ಅಣ್ಣಾ, ಕಚಗುಳಿ! ಬುಡಣ್ಣೋ!" ಎಂದು ಅವನು ಬಿದ್ದು ಬಿದ್ದು ನಗತೊಡಗಿದ. ಅವನ ನಗು ನೋಡಿ ನನಗೂ ನಗು ತಡೆಯಲಾಗಲಿಲ್ಲ. ಇಡೀ ಸಭೆ ನಮ್ಮ ಕಡೆ ತಿರುಗಿತು. ಹೆಡ್ಮಿಸ್ಸು ಮೈಕ್ ಹಿಡಿದರು.

"ನೋಡಿ! ಎರಡೂ ಕಡೆಯವರು ನಗುನಗುತ್ತಾ ಕೈ ಹಿಡ್ಕೊಂಡು ನಿಂತಿದ್ದಾರೆ! ಸಮಾನತೆ ಅಂದ್ರೆ ಇದೇ ಅಲ್ವೇ?"

ಚಪ್ಪಾಳೆ! ಸರ್ವಾನುಮತ! ಸನ್ಮಾನ ಮಾಡೋಣವೆಂದರೆ ಶಾಲಿರಲಿಲ್ಲ. ನನ್ನ ಟವಲ್ಲನ್ನೇ ತೆಗೆದು ನನಗೇ ಹೊದಿಸಿದರು. ಸಾಲದ್ದಕ್ಕೆ, "ಇಂಥ ವಿಶಾಲ ಹೃದಯದವರ ಕೈಯಿಂದಲೇ ಬಿ ಕೊಠಡಿಯ ಮೊದಲ ಚೀಟಿ ಎತ್ತಿಸೋಣ" ಎಂದರು. ಕಣ್ಣು ಮುಚ್ಚಿ ಎತ್ತಿದೆ. ಹೆಡ್ಮಿಸ್ಸು ಬಿಡಿಸಿ ಓದಿದರು.

ಚಂದನ!

ಮನೆಗೆ ಬಂದು ಹೇಳಿದೆ. ಜಯಮ್ಮ ಮುದ್ದೆ ತಿರುವುವುದನ್ನು ನಿಲ್ಲಿಸಿದಳು. ನನ್ನ ಹೆಗಲಿನ ಟವಲ್ಲನ್ನು ಎಳೆದುಕೊಂಡು, ಅದರಲ್ಲೇ ಮುದ್ದೆ ಪಾತ್ರೆ ಹಿಡಿದು ಕೆಳಗಿಳಿಸಿದಳು.

ಹೊಸ ಕ್ಲಾಸು ಶುರುವಾದ ದಿನ ಸಂಜೆ ಮಗಳನ್ನು ಬಾಗಿಲಲ್ಲೇ ತಡೆದು ಕೇಳಿದೆ: "ಲೆಕ್ಕ ಎಂಗಾಯ್ತು ಮಗ?"

"ಸೂಪರ್ ಕಣಪ್ಪ! ಮೇಷ್ಟ್ರು ಕಿವಿ ತೂತಾಗಂಗೆ ಕೂಗ್ಕಂಡು ಪಾಠ ಮಾಡುದ್ರು. ಇಡೀ ಕ್ಲಾಸ್ಗೆ ಅರ್ಥ ಆಯ್ತು. ನಂಗೂ ಈಗ್ಲೇ ಸರ್ಯಾಗಿ ಅರ್ಥ ಆಗಿದ್ದು."

ನನಗೆ ಉಸಿರು ಬಂತು. "ನೋಡ್ದಾ? ಎಲ್ಲ ನಿಮ್ಮಪ್ಪನ್ ಉಪಾಯ ಕಣವ್ವ!" ಎಂದು ಅಡುಗೆಮನೆಗೆ ಕೇಳಿಸುವಂತೆ ಹೇಳಿದೆ.

"ಶುಕ್ರವಾರ ಇನ್ನೊಂದ್ ಸಭೆ ಅದಂತೆ ಅಪ್ಪ. ಪೋಷಕ್ರೆಲ್ಲ ಸಮಾನ, ಯಾರ್ ಬೇಕಾದ್ರೂ ಬಂದು ಮಾತಾಡ್ಬೋದು ಅಂದ್ರು ಹೆಡ್ಮಿಸ್ಸು."

"ಬತ್ತೀನಿ ಅನ್ನು!"

ಮಗಳು ಷೂ ಬಿಚ್ಚುತ್ತಾ, ತಲೆ ಎತ್ತದೆ ಹೇಳಿದಳು:

"ನಮ್ಮನೆಯಿಂದ ಮಾತ್ರ ಅಮ್ಮನ್ನೇ ಕಳುಸ್ಬೇಕಂತೆ."