ಒಂದೇ ಒಂದು ಮೆಟ್ಟಿಲು

ಆ ಹಲ್ಲಿನ ಆಸ್ಪತ್ರೆಯ ಸಕಲ ಅನಾಹುತಕ್ಕೂ ಮೂಲ ಒಂದು ಮೆಟ್ಟಿಲು. ರೋಗಿಗಳು ಕಾಯುವ ಹಾಲ್ ಮುಗಿದು ಡಾಕ್ಟರುಗಳ ಕೋಣೆಗಳತ್ತ ಓಣಿ ಶುರುವಾಗುವ ಜಾಗದಲ್ಲಿ, ಯಾಕೆಂದು ಕಟ್ಟಿದವನಿಗೂ ಗೊತ್ತಿಲ್ಲ, ನೆಲ ಅರ್ಧ ಗೇಣು ಕೆಳಗಿಳಿದಿತ್ತು. ಮೇಲೂ ಬೂದು ಕಲ್ಲು, ಕೆಳಗೂ ಅದೇ ಬೂದು ಕಲ್ಲು. ಹಲ್ಲುನೋವಿಗೆಂದು ಬಂದವರು ಮಂಡಿನೋವನ್ನೂ ಜೊತೆಗೆ ಕಟ್ಟಿಕೊಂಡು ಹೋಗುತ್ತಿದ್ದರು.

"ಅಲ್ಲೊಂದು ಬೋರ್ಡು ಹಾಕಿ. ನಾಳೆ ಸಂಜೆ ಬಂದು ನೋಡ್ತೀನಿ. ಯಾರೂ ಬೀಳ್ತಿಲ್ಲ ಅಂದ್ರೆ ನಿಮ್ಮ ಕೆಲಸ ಖಾಯಂ," ಎಂದು ದೊಡ್ಡ ಡಾಕ್ಟರಮ್ಮ ಗೆರೆಯಪ್ಪನಿಗೆ ಹೇಳಿ ಯಾವುದೋ ಸಭೆಗೆ ಹೊರಟುಹೋಗಿದ್ದರು.

ಗೆರೆಯಪ್ಪ ಅವನ ನಿಜವಾದ ಹೆಸರಲ್ಲ. ಬೋರ್ಡು ಬರೆಯಲು ಹಂಗಾಮಿಯಾಗಿ ಸೇರಿದ್ದ ಕಲಾವಿದ ಅವನು. ಗೆರೆ ಕೂದಲೆಳೆಯಷ್ಟು ಓರೆಯಾದರೂ ಊಟ ಬಿಡುವ ಆಸಾಮಿ, ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು. ಅಲ್ಲೇ ಲೆಕ್ಕಪತ್ರ ನೋಡುವ ಭಾವ, ಅಂದರೆ ಅಕ್ಕನ ಗಂಡ, ಅವರಿವರ ಕೈಕಾಲು ಹಿಡಿದು ಕೊಡಿಸಿದ ಕೆಲಸ. ಖಾಯಂ ಆದರೆ ಅಕ್ಕನ ಮನೆಯ ಹಜಾರದಲ್ಲಿ ಮಲಗುವುದು ತಪ್ಪಿ ತನ್ನದೇ ಒಂದು ಕೋಣೆ ಹಿಡಿಯಬಹುದು. ಕೋಣೆಗಳ ಬೋರ್ಡುಗಳೆಲ್ಲ ಆಗಲೇ ಮುಗಿದು, ಉಳಿದದ್ದು ಇದೊಂದೇ. ಅದಕ್ಕೇ ಇದರ ಮೇಲೆ ಜೀವ ತೇದಿದ್ದ.

ಬೋರ್ಡು ಬಂದದ್ದೂ ಹಾಗೇ. ಕಡುನೀಲಿಯ ಮೇಲೆ ‘ಮೆಟ್ಟಿಲಿದೆ’ ಎಂಬ ಬೆಳ್ಳಿ ಬಣ್ಣದ ಅಕ್ಷರಗಳು ಒಂದರ ಹಿಂದೊಂದು ಕೆಳಗಿಳಿಯುತ್ತಿದ್ದವು. ಕೊನೆಯ ಅಕ್ಷರವಂತೂ ಈಗಷ್ಟೇ ನೆಲಕ್ಕೆ ಪಾದ ಊರಿದಂತಿತ್ತು. ಮರುದಿನ ಬೆಳಿಗ್ಗೆ ಅದನ್ನು ಮೆಟ್ಟಿಲಿನ ನೆತ್ತಿಗೆ ತೂಗುಹಾಕಿ, ಏಣಿಯಿಂದಿಳಿದು ನೋಡಿದವನಿಗೆ ತನ್ನ ಕೈಯೇ ಇದನ್ನು ಮಾಡಿದ್ದೆಂದು ನಂಬಲಾಗಲಿಲ್ಲ.

ಮೊದಲು ಬಂದವಳು ನರ್ಸಮ್ಮ. ತಲೆಯೆತ್ತಿ, "ಅಯ್ಯೋ ದೇವರೇ, ಎಷ್ಟ್ ಚೆನ್ನಾಗಿದೆ!" ಎನ್ನುತ್ತ ಒಂದು ಹೆಜ್ಜೆ ಮುಂದಿಟ್ಟಳು. ಧಡ್! ಟ್ರೇಯಲ್ಲಿದ್ದ ಹತ್ತಿಯುಂಡೆಗಳು ಓಣಿಯ ತುಂಬ ಉರುಳಿದವು.

"ಪೆಟ್ಟಾಯ್ತಾ ಸಿಸ್ಟರ್?"

"ಆಯ್ತು. ಆದ್ರೂ ಆ ಕೊನೇ ಅಕ್ಷರ ನೋಡಿ, ಎಷ್ಟ್ ನಾಜೂಕಾಗಿ ಇಳೀತಿದೆ!" ಎಂದಳು ನೆಲದಲ್ಲಿ ಕೂತೇ.

ಇಲ್ಲಿಯವರೆಗೆ ಹೊಸಬರು ಮಾತ್ರ ಬೀಳುತ್ತಿದ್ದರು. ಈಗ ವರ್ಷಗಟ್ಟಲೆ ಅಲ್ಲೇ ಓಡಾಡಿದವರೂ ಬೀಳತೊಡಗಿದರು. ದವಡೆ ಹಿಡಿದುಕೊಂಡು ಬಂದ ಮೇಷ್ಟರು ಬೋರ್ಡಿಗೆ ಕೈಮುಗಿಯುತ್ತಲೇ ಮುಗ್ಗರಿಸಿದರು. ಔಷಧಿ ಅಂಗಡಿಯವನು, "ಮೇಲೊಂದು ದೀಪ ಹಾಕಿ ಸಾರ್, ಎಲ್ರಿಗೂ ಕಾಣ್ಸುತ್ತೆ," ಎಂದ. ದೀಪ ಹಾಕಿದ್ದೇ ತಡ, ನೀಲಿ ಬಣ್ಣ ಇನ್ನಷ್ಟು ಮಿರುಗಿ, ಹಲ್ಲು ನೆಟ್ಟಗಿದ್ದವರೂ ಬೀದಿಯಿಂದ ನೋಡಲು ಬಂದರು. ಬಂದು ಬಿದ್ದರು.

ಗದ್ದಲ ಕೇಳಿ ಫೈಲು ಹೊತ್ತುಕೊಂಡೇ ಓಡಿಬಂದ ಭಾವ, "ಏನೋ ಇದು, ಅಕ್ಷರ ಇನ್ನೂ ದಪ್ಪ..." ಎನ್ನುವಷ್ಟರಲ್ಲಿ ಫೈಲು ಒಂದು ಕಡೆ, ತಾವೊಂದು ಕಡೆ ಆದರು.

"ಭಾವಾ!" ಎಂದು ಎತ್ತಲು ಧಾವಿಸಿದ ಗೆರೆಯಪ್ಪನೂ ಅಭ್ಯಾಸಬಲದಿಂದ ಬೋರ್ಡಿನ ಕಡೆ ಕಣ್ಣು ಹಾಯಿಸಿದ. ಭಾವನ ಪಕ್ಕದಲ್ಲೇ ಹೋಗಿ ಬಿದ್ದ.

"ನಿಮ್ಮಕ್ಕನಿಗೆ ಏನಂತ ಹೇಳ್ಲೋ ನಾನು?" ಎಂದು ಭಾವ ಸೊಂಟ ಹಿಡಿದುಕೊಂಡು ನರಳಿದರು.

ಗೆರೆಯಪ್ಪನ ಕಣ್ಣು ನೆಲದ ಮೇಲಿತ್ತು. ನೆಲದ ಮಟ್ಟದಿಂದ ಅವನು ಆ ಮೆಟ್ಟಿಲನ್ನು ನೋಡಿದ್ದು ಅದೇ ಮೊದಲು. ಅಂಚು ಎಲ್ಲಿದೆಯೆಂದು ಅವನಿಗೇ ಗೊತ್ತಾಗಲಿಲ್ಲ. ಎರಡೂ ನೆಲ ಸೇರಿ ಒಂದೇ ಹಾಸುಗಲ್ಲಿನಂತಿದ್ದವು. ತಾನು ಇಷ್ಟು ಹೊತ್ತು ಜನರ ಕಣ್ಣಿನ ಜೊತೆ ಮಾತಾಡುತ್ತಿದ್ದೆ, ತಿಳಿಯಬೇಕಾಗಿದ್ದದ್ದು ಕಾಲಿಗೆ ಎಂದು ಹೊಳೆಯಿತು. ಚೀಲದಿಂದ ಅಗಲವಾದ ಹಳದಿ ಟೇಪು ತೆಗೆದು, ಮೆಟ್ಟಿಲಿನ ಅಂಚಿನುದ್ದಕ್ಕೂ ನೇರವಾಗಿ ಅಂಟಿಸಿ, ಪಕ್ಕಕ್ಕೆ ಸರಿದು ನಿಂತ.

ನರ್ಸಮ್ಮ ಬಂದಳು. ಕಣ್ಣು ಬೋರ್ಡಿನ ಮೇಲೇ, ಆದರೆ ಕಾಲು ತಾನಾಗಿ ಇಳಿಯಿತು. ಹಿಂದೆಯೇ ಫೋನಿನಲ್ಲಿ ಜಗಳವಾಡುತ್ತ ಒಬ್ಬ, ಮಗುವಿಗೆ ಗದರುತ್ತ ಒಬ್ಬಾಕೆ, ಎದುರಿನಿಂದ ಬಾಯಲ್ಲಿ ಹತ್ತಿಯಿಟ್ಟುಕೊಂಡ ಮೇಷ್ಟರು. ಒಬ್ಬರೂ ತಡೆದು ನಿಲ್ಲಲಿಲ್ಲ, ಒಬ್ಬರೂ ಟೇಪು ನೋಡಿದ ಹಾಗಿರಲಿಲ್ಲ. ಎಲ್ಲರ ಕಾಲುಗಳಿಗೂ ಅದು ಕಂಡಿತ್ತು. ಗೆರೆಯಪ್ಪನ ಮೈ ಜುಮ್ಮೆಂದಿತು. ಇಷ್ಟು ವರ್ಷ ಗೆರೆ ಎಳೆದಿದ್ದಾನೆ, ಗೆರೆಗೆ ಇಂಥ ಶಕ್ತಿಯಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಮಧ್ಯಾಹ್ನವೆಲ್ಲ ಊಟ ಮರೆತು ಜನರ ಪಾದಗಳನ್ನೇ ನೋಡುತ್ತ ನಿಂತ.

ಸಂಜೆ ಡಾಕ್ಟರಮ್ಮ ಬಂದರು. ಬೋರ್ಡು ನೋಡುತ್ತ ಸಲೀಸಾಗಿ ಮೆಟ್ಟಿಲಿಳಿದು, "ಅಬ್ಬಾ, ಎಂಥಾ ಬೋರ್ಡು! ಯಾರಾದ್ರೂ ಬಿದ್ರಾ?" ಎಂದರು.

"ಮಧ್ಯಾಹ್ನದಿಂದ ಒಬ್ರೂ ಇಲ್ಲ ಮೇಡಂ," ಎಂದರು ಭಾವ, ಬೆಳಗಿನದನ್ನು ಜಾಣತನದಿಂದ ನುಂಗಿಕೊಂಡು.

"ಇಡೀ ಆಸ್ಪತ್ರೆಗೆ ಇಂಥದ್ದೇ ಬೋರ್ಡು ಆಗ್ಬೇಕು. ನಿಮ್ಮ ಕೆಲಸ ಖಾಯಂ! ಆದ್ರೆ ಕೆಳಗೆ ಅದೇನದು ಹಳದಿ ಪಟ್ಟಿ? ಅಂದ ಕೆಡಿಸ್ತಿದೆ. ಕಿತ್ತುಹಾಕಿ."

ಭಾವ ಕಣ್ಣು ಮಿಟುಕಿಸಿದರು. ಗೆರೆಯಪ್ಪ ಬಗ್ಗಿ ಟೇಪಿನ ತುದಿಗೆ ಉಗುರು ಹಾಕಿದ. ಅಷ್ಟರಲ್ಲಿ ಮೊಮ್ಮಗುವನ್ನು ಸೊಂಟಕ್ಕೇರಿಸಿಕೊಂಡ ಒಬ್ಬ ಅಜ್ಜಿ ಬೋರ್ಡು ನೋಡುತ್ತ ಇತ್ತಲೇ ಬರುತ್ತಿದ್ದಳು. ಅವನ ಕೈ ಮುಂದೆ ಹೋಗಲಿಲ್ಲ. ಎತ್ತಿದ ತುದಿಯನ್ನು ಮತ್ತೆ ಒತ್ತಿ ಅಂಟಿಸಿದ.

"ಮೇಡಂ, ಬೋರ್ಡು ನೋಡ್ತಾನೇ ಎಲ್ರೂ ಬಿದ್ರು. ಬೀಳದ ಹಾಗೆ ಮಾಡಿದ್ದು ಈ ಪಟ್ಟಿ."

ಭಾವ ಹಣೆ ಚಚ್ಚಿಕೊಂಡರು. ಅಜ್ಜಿ ಮಗುವಿಗೆ ಬೋರ್ಡು ತೋರಿಸುತ್ತ ನಿರಾಯಾಸವಾಗಿ ಇಳಿದುಹೋದಳು. ಡಾಕ್ಟರಮ್ಮ ಅವಳ ಪಾದಗಳನ್ನು ನೋಡಿದರು, ಪಟ್ಟಿಯನ್ನು ನೋಡಿದರು, ತಾವೇ ಎರಡು ಸಲ ಹತ್ತಿ ಇಳಿದರು.

"ಒಂದು ಗೆರೆ! ಬರೀ ಒಂದು ಗೆರೆ!" ಅವರ ದನಿಯೇ ನಡುಗಿತು. "ನೀವು ಸಾಮಾನ್ಯರಲ್ಲ ಕಣ್ರೀ. ನಮ್ಮಲ್ಲಿ ಇಂಥ ಮೆಟ್ಟಿಲು ಇನ್ನೆಷ್ಟಿವೆ?"

"ಇದೊಂದೇ ಮೇಡಂ," ಎಂದ ಗೆರೆಯಪ್ಪ ಹಿಗ್ಗಿನಿಂದ.

"ಹಾಗಾದ್ರೆ ಕೆಲಸ ಮುಗೀತಲ್ಲ! ಇನ್ನು ಬೋರ್ಡೇ ಬೇಡ, ಬೋರ್ಡು ಬರೆಯೋರೂ ಬೇಡ!" ಎಂದು ಅವರು ಮನಸಾರೆ ಅವನ ಕೈ ಕುಲುಕಿದರು. "ಇದನ್ನ ಬಿಚ್ಚಿ ನನ್ನ ಕಾರಲ್ಲಿ ಇಡ್ಸಿ. ನಮ್ಮನೆ ಹಾಲ್‌ನಲ್ಲಿ ಚೆನ್ನಾಗಿ ಕಾಣುತ್ತೆ."

ಗೆರೆಯಪ್ಪ ಒಳಗಿನ ಕೋಣೆಯಿಂದ ತನ್ನ ಕುಂಚ, ಬಣ್ಣಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟ. "ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತೋ ನಿಂಗೆ?" ಎಂದು ಬೈಯುತ್ತ ಭಾವ ಬೀದಿಯವರೆಗೂ ಬೆನ್ನುಬಿಡಲಿಲ್ಲ. ಗೇಟಿನ ಹತ್ತಿರ ಗೆರೆಯಪ್ಪ ಥಟ್ಟನೆ ನಿಂತ.

"ಭಾವಾ, ಆ ಮೆಟ್ಟಿಲು ಯಾವಾಗ ದಾಟಿದ್ವಿ?"

ಭಾವ ಹಿಂತಿರುಗಿ ನೋಡಿದರು. ಬೈಗುಳ ಅರ್ಧಕ್ಕೇ ನಿಂತಿತ್ತು.

"ಗೊತ್ತಾಗ್ಲೇ ಇಲ್ಲ ಕಣೋ," ಎಂದರು.