ಸಮುದ್ರಕ್ಕೆ ಎರಡು ಟಿಕೆಟ್

ಮದುವೆಯಾಗಿ ಹತ್ತೊಂಬತ್ತು ವರ್ಷವಾದ ಮೇಲೆ ಬಡಗಿಗೆ ಹೆಂಡತಿಯನ್ನು ಸಮುದ್ರ ನೋಡಲು ಕರೆದೊಯ್ಯಬೇಕೆನ್ನಿಸಿತು. ಇಬ್ಬರೇ, ಎರಡು ದಿನ. ಬಸ್ಸಿನ ಟಿಕೆಟ್ ತಂದು ಜೇಬಿನಲ್ಲಿಟ್ಟುಕೊಂಡು ಮೂರು ದಿನವಾಗಿತ್ತು; ಕೇಳಲು ಮಾತ್ರ ಬಾಯಿ ಬಂದಿರಲಿಲ್ಲ. "ಬರ್ತೀಯಾ?" ಎಂಬ ಒಂದು ಮಾತನ್ನು ಹಲಗೆ ಕೊಯ್ಯುತ್ತ ಗರಗಸಕ್ಕೆ ನೂರು ಸಲ ಹೇಳಿದ್ದ. ಹೆಂಡತಿ ಎದುರು ಬಂದರೆ "ಉಪ್ಪು ಸ್ವಲ್ಪ ಕಡಿಮೆ" ಎಂದುಬಿಡುತ್ತಿದ್ದ.

ಕೇಳಿದರೂ ಅವಳ ಉತ್ತರ ಅವನಿಗೆ ಗೊತ್ತಿತ್ತು: "ಹಸು ಯಾರು ಕರೀತಾರೆ?" ಆ ಹಸು ಅವಳ ಕೈಗಲ್ಲದೆ ಬೇರೆ ಯಾರಿಗೂ ಹಾಲು ಬಿಡುತ್ತಿರಲಿಲ್ಲ. ಆದರೆ ಅದು ಗುರುತಿಸುವುದು ಮುಖವನ್ನಲ್ಲ, ಬಟ್ಟೆಯ ವಾಸನೆಯನ್ನು ಎಂಬುದು ಬಡಗಿ ಬಹಳ ಯೋಚಿಸಿ ಕಂಡುಕೊಂಡ ಸತ್ಯ. ಅವಳ ಸ್ವೆಟರ್ ತೊಟ್ಟು ತಾನು ಕರೆದು ತೋರಿಸಿದರೆ, ಆ ಎರಡು ದಿನ ಅದನ್ನೇ ಪಕ್ಕದ ಮನೆಯಾಕೆಗೆ ತೊಡಿಸಿ ಕೆಲಸ ಒಪ್ಪಿಸಬಹುದು.

ಆ ಸಂಜೆ ಹೆಂಡತಿ ಹಿಟ್ಟಿನ ಗಿರಣಿಗೆ ಹೋದದ್ದೇ ತಡ, ಬಡಗಿ ಅವಳ ನೀಲಿ ಸ್ವೆಟರಿನೊಳಗೆ ನುಗ್ಗಿದ. ಹೊಲಿಗೆ ಎರಡು ಕಡೆ ಕಿರ್ರೆಂದಿತು. ಅವಳ ಶಾಲನ್ನು ತಲೆಗೆ ಸುತ್ತಿಕೊಂಡು, ಮೂಟೆಗೆ ಕೈಕಾಲು ಬಂದಂತೆ ಕೊಟ್ಟಿಗೆಯಲ್ಲಿ ಕುಳಿತ. ಹಸು ಒಮ್ಮೆ ಮೂಸಿತು. ನಿಟ್ಟುಸಿರು ಬಿಟ್ಟಿತು. ಹಾಲು ಸೊರ್ ಸೊರ್ ಎಂದು ಇಳಿಯಿತು.

ಪಾತ್ರೆ ಅರ್ಧ ತುಂಬಿರಬೇಕು, ಹಿಂದಿನಿಂದ ಪಕ್ಕದ ಮನೆಯಾಕೆಯ ದನಿ ಬಂತು.

"ಅಕ್ಕಾ, ಒಂದು ಮಾತು. ಬೇಜಾರು ಮಾಡ್ಕೋಬೇಡ."

ಬಡಗಿ ಉಸಿರು ಬಿಗಿಹಿಡಿದ. ದನಿ ತೆಗೆದರೆ ಹಸು ಒದೆಯುವುದು ಖಂಡಿತ.

"ನಿಮ್ಮನೆಯವರು ಸಮುದ್ರಕ್ಕೆ ಎರಡು ಟಿಕೆಟ್ ತಗೊಂಡಿದ್ದನ್ನ ನಮ್ಮನೆಯವರು ಕಣ್ಣಾರೆ ನೋಡಿದಾರೆ. ನಿಂಗೇನಾದ್ರೂ ಹೇಳಿದಾರಾ? ಇಲ್ಲ ತಾನೆ! ಹಾಗಾದ್ರೆ ಇನ್ನೊಂದು ಯಾರಿಗೆ? ಮೂರು ದಿನದಿಂದ ಒಬ್ರೇ ಕೂತು 'ಬರ್ತೀಯಾ, ಬರ್ತೀಯಾ' ಅಂತಿರ್ತಾರೆ. ಪಾಪದವರ ಥರ ಕಾಣೋರನ್ನ ನಂಬಲೇಬಾರದು. ಅಯ್ಯೋ, ಅಳ್ತಿದೀಯಾ ಅಕ್ಕಾ?"

"ನಿನ್ ತಲೆ!" ಎಂದು ಬಡಗಿ ಗುಡುಗಿದ.

ಹಸು ಒದೆಯಿತು. ಪಾತ್ರೆ ಒಂದು ಕಡೆ, ಬಡಗಿ ಒಂದು ಕಡೆ. ಪಕ್ಕದ ಮನೆಯಾಕೆ ಕಿರುಚುತ್ತ ಓಡಿ, ಹಿಟ್ಟಿನ ಚೀಲ ಹೊತ್ತು ಬರುತ್ತಿದ್ದ ಹೆಂಡತಿಗೆ ಡಿಕ್ಕಿ ಹೊಡೆದಳು. ಒಂದೇ ಉಸಿರಿಗೆ ಎಲ್ಲ ಹೇಳಿದಳು: ಟಿಕೆಟ್ಟು, ಸ್ವೆಟರು, ಹಾಲು.

ಹೆಂಡತಿ ಅವಳನ್ನೂ ಕರೆದುಕೊಂಡು ಕೊಟ್ಟಿಗೆಗೆ ಬಂದು ಗಂಡನನ್ನು ನೋಡಿದಳು. ಕೆನ್ನೆಯ ಮೇಲೆ ಸಗಣಿ, ಕೈಬೆರಳಲ್ಲಿ ಇನ್ನೂ ತೊಟ್ಟಿಕ್ಕುವ ಹಾಲು. ಅವಳ ಕಣ್ಣು ತುಂಬಿತು.

"ನನ್ನನ್ನ ಕಳಿಸೋಕೆ ಅಂತ ಹಾಲು ಕರೆಯೋದು ಕಲಿತ್ರಾ?"

ಬಡಗಿ ಬಾಯಿ ತೆರೆದ. ಆ ಮುಖದಲ್ಲಿ ಅಷ್ಟು ಬೆಳಕನ್ನು ಅವನು ಇಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ. ಅದನ್ನು ಆರಿಸಲು ಧೈರ್ಯ ಬರಲಿಲ್ಲ. "ಹೂಂ" ಎಂದ.

"ಎರಡು ಟಿಕೆಟ್ ಬೇರೆ! ಒಬ್ಬಳೇ ಹೋಗೋಕೆ ನಂಗೆ ಭಯ ಅಂತ ನಿಮಗೆ ಗೊತ್ತಲ್ಲ." ಅವಳು ಪಕ್ಕದ ಮನೆಯಾಕೆಯ ಕಡೆ ತಿರುಗಿದಳು. "ನೀನೂ ಹೊರಡೇ!"

"ಬಟ್ಟೆ ಯಾವುದು ತಗೊಳ್ಳಲಿ?" ಎಂದಳು ಆಕೆ.

ಹೆಂಡತಿ ಗಂಡನ ಕೆನ್ನೆಯನ್ನು ಅಂಗೈಯಿಂದ ಮೆಲ್ಲಗೆ ಒರೆಸಿದಳು.

"ನೀವು ಬೇಜಾರು ಮಾಡ್ಕೋಬೇಡಿ. ಮುಂದಿನ ವರ್ಷ ನೀವು ಹೋಗಿಬನ್ನಿ. ಹಸು ನಾನು ನೋಡ್ಕೋತೀನಿ."